ಎಲ್ಡು ಪೆಟ್ಗೆ ಯಾತಕ್ಲಾ?

ಕಬ್ಬು ಕಟಾವಾಗಿ ಬಿಲ್ಲಿನ ದುಡ್ಡು ಬ್ಯಾಂಕಿಗೆ ಬಿದ್ದ ಮೇಲೆ ನಮ್ಮ ಮಂಡ್ಯ ಜಿಲ್ಲೆಯ ಕೊಪ್ಪದ ಕಡೆ ಮನೆಮನೆಯಲ್ಲೂ ಎರಡು ಪಟ್ಟಿ ತಯಾರಾಗುತ್ತವೆ. ಸೊಸೈಟಿ ಸಾಲ, ಗೊಬ್ಬರದಂಗಡಿ ಬಾಕಿ, ಮಕ್ಕಳ ಫೀಸು ಇವೆಲ್ಲ ಬಹಿರಂಗದ ಪಟ್ಟಿ. ಇನ್ನೊಂದು ಗುಟ್ಟಿನದು. ಅದರಲ್ಲಿ ನನ್ನದು ಒಂದೇ ಬಾಬ್ತು: 10,000 ರೂಪಾಯಿಯೊಳಗೆ ಒಂದು ಚಿಕ್ಕ ಸ್ಟೀರಿಯೊ ಸೆಟ್. ಬಾಯಿಬಿಟ್ಟು ಹೇಳಿದಾಗ ಹೆಂಡತಿ ಸುಮ್ಮನಿದ್ದಳು. ಅವ್ವ ಸುಮ್ಮನಿರಲಿಲ್ಲ.

"ಎಲ್ಡು ಪೆಟ್ಗೆ ಯಾತಕ್ಲಾ? ಒಂದ್ರಲ್ಲೇ ಕೇಳ್ಸಾಕಿಲ್ವಾ?"

ತಳ್ಳಿಹಾಕುವಂಥ ಪ್ರಶ್ನೆಯಲ್ಲ. ನಮ್ಮ ಮನೆಯಲ್ಲಿ ಹಾಡು ಯಾವತ್ತೂ ಒಂದೇ ಪೆಟ್ಟಿಗೆಯಿಂದ ಬಂದದ್ದು, ಅದೂ ಬೀದಿಗೆಲ್ಲ ಸೇರಿ ಬಂದದ್ದು. ಅಪ್ಪನ ರೇಡಿಯೊ ಕಿಟಕಿಯಲ್ಲಿ ಹೊರಗೆ ಮುಖ ಮಾಡಿ ಕೂತಿರುತ್ತಿತ್ತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಶುರುಮಾಡಿದ ಆಕಾಶವಾಣಿ ನಮ್ಮ ಜಗಲಿಯಲ್ಲಿ ಕೂತವರಿಗೆಲ್ಲ ಸ್ವಂತದ್ದು. ಪೋಸ್ಟಾಫೀಸಿಗೆ ಹೋಗಿ ರೇಡಿಯೊ ಲೈಸೆನ್ಸಿನ ದುಡ್ಡು ಕಟ್ಟುತ್ತಿದ್ದವನು ಮಾತ್ರ ಅಪ್ಪ ಒಬ್ಬನೇ.

ಆಮೇಲೆ ಬಂತು ಮಡಕೆಯ ಕಾಲ. ಕಂಪನಿ ಸೆಟ್ ಕೊಳ್ಳಲಾಗದ ನನ್ನಂಥವರು ರಿಪೇರಿ ಅಂಗಡಿಯವನಿಗೆ ಹೇಳಿ '4440 ಬೋರ್ಡ್' ಹಾಕಿಸುತ್ತಿದ್ದೆವು. ಸ್ಯಾನ್ಯೊ ಕಂಪನಿಯ ಎಲ್‌ಎ 4440 ಎಂಬ ಪುಟ್ಟ ಐಸಿ, ಚಾನೆಲ್ಲಿಗೆ ಬರೀ 6 ವಾಟ್. ಜೊತೆಗೊಂದು 12 ವೋಲ್ಟಿನ ಟ್ರಾನ್ಸ್‌ಫಾರ್ಮರ್, ಬೆಂಗಳೂರಿನ ಎಸ್.ಪಿ. ರೋಡಿನಿಂದ ತರಿಸಿದ ಸ್ಪೀಕರ್. ಮರದ ಪೆಟ್ಟಿಗೆ ಮಾಡಿಸಲು ಕಾಸಿಲ್ಲ. ಹಾಗಾಗಿ ಸ್ಪೀಕರನ್ನು ಮಡಕೆಯ ಬಾಯಿಯ ಮೇಲೆ ಅಂಗಾತ ಕೂರಿಸಿ, ಸಂದಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತುವುದು. ಹಾಡು ಮೇಲೆ ಹೋಗಿ ಹೆಂಚಿಗೆ ಬಡಿದು ನಮ್ಮ ತಲೆಯ ಮೇಲೆ ಇಳಿಯುತ್ತಿತ್ತು. ಇದು ಹುಡುಗರ ಹುಚ್ಚಾಟವಲ್ಲ. ಸ್ಪೀಕರಿನ ಕಾಗದದ ಕೋನು ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಎರಡೂ ಸುತ್ತಿಬಂದು ಸೇರಿದರೆ ತಗ್ಗು ಸ್ವರಗಳು ಒಂದನ್ನೊಂದು ನುಂಗಿಹಾಕುತ್ತವೆ. ಹಿಂದಿನ ಗಾಳಿಯನ್ನು ಮಡಕೆ ಹಿಡಿದಿಟ್ಟುಕೊಂಡರೆ ತಬಲದ ಎಡಗೈ ಪೆಟ್ಟು ಕೇಳತೊಡಗುತ್ತದೆ. ಈಗ ಸಾವಿರಗಟ್ಟಲೆ ಕೊಟ್ಟು ತರುವ ಮರದ ಪೆಟ್ಟಿಗೆ ಮಾಡುವುದೂ ಇದೇ ಕೆಲಸವನ್ನು, ಇನ್ನೊಂದಿಷ್ಟು ನಾಜೂಕಾಗಿ. ಮೈಸೂರು ಅನಂತಸ್ವಾಮಿಯವರ 'ನಿತ್ಯೋತ್ಸವ' ಕ್ಯಾಸೆಟ್ ಬಂದದ್ದು 1978ರಲ್ಲಿ. ಅದನ್ನು ನಾನು ಮೊದಲು ಮನಸಾರೆ ಕೇಳಿದ್ದು ಎಷ್ಟೋ ವರ್ಷ ಕಳೆದು, ಈ ಮಡಕೆಯಲ್ಲಿ.

ಎರಡು ಪೆಟ್ಟಿಗೆಯ ತಕರಾರು ಶುರುಮಾಡಿದವನು ಇಂಗ್ಲೆಂಡಿನ ಇ.ಎಂ.ಐ. ಕಂಪನಿಯ ಇಂಜಿನಿಯರು ಅಲನ್ ಬ್ಲಮ್ಲೈನ್. ಹೆಂಡತಿಯ ಜೊತೆ ಸಿನಿಮಾಕ್ಕೆ ಹೋದವನಿಗೆ, ನಟ ಪರದೆಯ ಈ ತುದಿಗಿದ್ದರೆ ಮಾತು ಇನ್ನೆಲ್ಲಿಂದಲೋ ಬರುವುದು ಕಿರಿಕಿರಿಯಾಯಿತಂತೆ. ಎರಡು ಪೆಟ್ಟಿಗೆಯ ಈ ಸ್ಟೀರಿಯೊಗೆ 1931ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಸ್ಟೀರಿಯೊ ಎಲ್‌ಪಿಗಳು ಅಂಗಡಿಗೆ ಬರಲು 1958 ಆಗಬೇಕಾಯಿತು. ನಮ್ಮ ಟೆಂಟ್ ಸಿನಿಮಾದಲ್ಲೂ ಇದೇ ಪಾಡು. ರಾಜ್‌ಕುಮಾರ್ ಎಲ್ಲಿ ನಿಂತರೂ ಮಾತು ಒಂದೇ ಕಡೆಯಿಂದ. ನಾವು ಪೇಟೆಂಟ್ ಬರೆಯಲಿಲ್ಲ, ಶಿಳ್ಳೆ ಹೊಡೆದೆವು. ಇನ್ನೊಂದು ತಮಾಷೆಯೆಂದರೆ, ಅವ್ವನಿಗೆ ಬಾಯಿಪಾಠವಿರುವ ಅರವತ್ತರ ದಶಕದ ಚಿತ್ರಗೀತೆಗಳು ಹೆಚ್ಚುಕಡಿಮೆ ಎಲ್ಲ ಮೋನೋ, ಅಂದರೆ ಒಂದೇ ಪೆಟ್ಟಿಗೆಗೆ ಸಾಕಾಗುವಂಥವು. ಆ ಮಟ್ಟಿಗೆ ಅವಳ ವಾದವೇ ಗೆದ್ದ ಹಾಗೆ.

ಮಂಡ್ಯದ ಅಂಗಡಿಯೊಂದರಲ್ಲಿ ಹುಡುಗ ನೇರವಾಗಿ ಕರೆದುಕೊಂಡು ಹೋದದ್ದು ಆಳೆತ್ತರದ ಸೆಟ್ಟಿನ ಮುಂದಕ್ಕೆ. ವೂಫರಿನ ಸುತ್ತ ನೀಲಿ, ಕೆಂಪು ಲೈಟು, ಗಣಪತಿ ಪೆಂಡಾಲಿನ ಹಾಗೆ. "5000 ವಾಟ್ಸ್ ಸಾರ್, ಬೀದಿ ಅಲ್ಲಾಡ್ಬೇಕು." ಬೀದಿ ಅಲ್ಲಾಡಿಸುವ ಆಸೆ ನನಗಿರಲಿಲ್ಲ. ಸೆಟ್ಟನ್ನು ತಿರುಗಿಸಿ ಬೆನ್ನಿನ ಚೀಟಿ ಓದಿದೆ. ಎಳೆದುಕೊಳ್ಳುವ ಕರೆಂಟು 60 ವಾಟ್! 60 ಒಳಗೆ ಹೋಗಿ 5000 ಹೊರಗೆ ಬರುವುದಾದರೆ, 1902ರಲ್ಲಿ ಶಿವನಸಮುದ್ರದಲ್ಲಿ ಅಷ್ಟು ಕಷ್ಟಪಟ್ಟು ಕರೆಂಟು ತೆಗೆದು 90 ಮೈಲಿಗೂ ಆಚೆಯ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದವರು ಸುಮ್ಮನೆ ಬೆವರು ಸುರಿಸಿದರು ಅನ್ನಬೇಕು. ಈ ದೊಡ್ಡ ಅಂಕಿಯ ಹೆಸರು ಪಿ.ಎಂ.ಪಿ.ಒ. ಹೇಗೆ ಅಳೆಯಬೇಕೆಂಬ ಕಟ್ಟಳೆ ಇಲ್ಲದ್ದರಿಂದ ಯಾರು ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ನಂಬಬೇಕಾದ್ದು ಆರ್.ಎಂ.ಎಸ್. ಅಂಕಿ, ಸೆಟ್ಟು ಒಂದೇ ಸಮ ದುಡಿಯಬಲ್ಲ ಶಕ್ತಿ. ವಾಟ್ ದುಪ್ಪಟ್ಟಾದರೆ ಸದ್ದು ದುಪ್ಪಟ್ಟಾಗುವುದಿಲ್ಲ, 3 ಡೆಸಿಬೆಲ್ ಏರುತ್ತದೆ, ಅಷ್ಟೆ. ಕಿವಿಗೆ 'ಒಂಚೂರು ಜಾಸ್ತಿ' ಅನ್ನಿಸುವಷ್ಟು. ನಮ್ಮಂಥ ಹತ್ತು ಹನ್ನೆರಡು ಅಡಿ ಕೋಣೆಗೆ ಬದಿಗೆ 15, 20 ವಾಟ್ ಧಾರಾಳ.

ನಾನು ಫೋನಿನಲ್ಲಿ ಹಾಡು ಹಾಕಿಕೊಂಡೇ ಹೋಗಿದ್ದೆ. ನಮ್ಮ ಜಿಲ್ಲೆಯ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ ಪದ್ಯ, ಸಿ. ಅಶ್ವತ್ಥ್ ರಾಗ. ಲೈಟಿನ ಸೆಟ್ಟಿನಲ್ಲಿ ಧಂ ಧಂ ಸಿಕ್ಕಿತು, ಪದ್ಯ ಸಿಗಲಿಲ್ಲ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ, ಒಳಗೇ ಆಂಪ್ಲಿಫೈಯರ್ ಇರುವ ಒಂದು ಜೋಡಿ ಪುಟ್ಟ ಪೆಟ್ಟಿಗೆಗೆ ಅದನ್ನೇ ಕೊಡಿಸಿದೆ. ನಾಲ್ಕಿಂಚಿನ ವೂಫರ್, ಸಬ್‌ವೂಫರ್ ಇಲ್ಲ, ಬ್ಲೂಟೂತ್ ಇದೆ, ಲೈಟು ಒಂದೇ ಒಂದು. ಗಾಯಕ ಉಸಿರೆಳೆದುಕೊಂಡದ್ದು ಕೇಳಿಸಿತು. ಮುಂದಿನ ಮಾತು ದುಡ್ಡಿನದು, ಬೇಗ ಮುಗಿಯಿತು.

ಮನೆಯಲ್ಲಿ ಕಷ್ಟವಾದದ್ದು ಜಾಗ. ಮೊದಲು ಶೋಕೇಸಿನ ಮೇಲಿಟ್ಟರೆ ಒಳಗಿನ ಸ್ಟೀಲ್ ಲೋಟಗಳೆಲ್ಲ ತಾಳ ಹಾಕಿದವು. ಗೋಡೆಗೆ ಒತ್ತಿಟ್ಟರೆ ತಗ್ಗು ಸ್ವರ ಉಬ್ಬಿ ಮಾತು ಮುಚ್ಚಿಹೋಯಿತು. ಕೊನೆಗೆ ಎರಡು ಸ್ಟೂಲು, ಗೋಡೆಯಿಂದ ಒಂದು ಮೊಳ ಮುಂದೆ, ಕೂತವರ ಕಿವಿ ಮಟ್ಟಕ್ಕೆ. ಪೆಟ್ಟಿಗೆಗಳ ನಡುವೆ ಎಷ್ಟು ದೂರವೋ, ಕೂರುವವರಿಗೂ ಅಷ್ಟೇ ದೂರ. ಕುರ್ಚಿ ಇಟ್ಟು ಅವ್ವನನ್ನು ಕೂರಿಸಿದೆ. ಹಾಡು ಎಡಗಡೆಯಿಂದಲೋ ಬಲಗಡೆಯಿಂದಲೋ ಎಂದು ಕೇಳಿದರೆ, ಪೆಟ್ಟಿಗೆಯೇ ಇಲ್ಲದ ನಡುಗೋಡೆಯತ್ತ ಕೈ ತೋರಿಸಿದಳು. ಆಮೇಲೆ ಅಡುಗೆಮನೆಗೆ ಎದ್ದುಹೋಗಿ ಅಲ್ಲಿಂದಲೇ ಕೂಗಿದಳು: "ಇಲ್ಗೂ ಕೇಳುಸ್ತದೆ, ಸುಮ್ಕೆ ಕುರ್ಚಿ ಯಾತಕ್ಕೆ?"

ನೀವೂ ಕೊಳ್ಳುವವರಾದರೆ, ಕೈಯಲ್ಲಿರುವುದು ಹತ್ತು ಸಾವಿರವಾದರೆ, ಐದು ಪೆಟ್ಟಿಗೆಯ ಹೋಂ ಥಿಯೇಟರ್ ಬಿಟ್ಟು ಎರಡು ಒಳ್ಳೆಯ ಪೆಟ್ಟಿಗೆ ತನ್ನಿ. ನಿಮಗೆ ಬಾಯಿಪಾಠ ಇರುವ ಹಾಡನ್ನೇ ಹಾಕಿಸಿ ಕೇಳಿ. ಆರ್.ಎಂ.ಎಸ್. ಎಷ್ಟು ಎಂದು ಕೇಳಿದಾಗ ಅಂಗಡಿಯವನು ಲೈಟು ತೋರಿಸಿದರೆ, ಪಕ್ಕದ ಅಂಗಡಿಗೆ ನಡೆಯಿರಿ.