ನಮ್ಮ ಮನೆಯ ಅರ್ಜಿ



ಈ ತಿಂಗಳ ಗೋಡೆ ಪತ್ರಿಕೆಗೆ ‘ಮಳೆಗಾಲ’ ಎಂಬ ವಿಷಯ ಕೊಟ್ಟಿದ್ದಾರೆ. ಕಾಮನಬಿಲ್ಲು, ಕಪ್ಪೆ, ಹಲಸಿನ ಹಪ್ಪಳ ಎಲ್ಲವನ್ನೂ ಬೇರೆಯವರು ಬರೆದಾಗಿದೆ. ಅದಕ್ಕೇ ನಾನು ಮಳೆಯಲ್ಲಿ ಮನೆ ಬಿದ್ದರೆ ಅರ್ಜಿ ಹಾಕುವುದರ ಬಗ್ಗೆ ಬರೆಯುತ್ತೇನೆ. ಇದು ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯ ಅರ್ಜಿಗಳನ್ನೆಲ್ಲ ಬರೆದವಳು ನಾನೇ. ಅಮ್ಮನಿಗೆ ಸಹಿ ಮಾತ್ರ ಬರುತ್ತದೆ. ಅಪ್ಪಯ್ಯನ ಅಕ್ಷರ ಅಪ್ಪಯ್ಯನಿಗೇ ಓದಲು ಆಗುವುದಿಲ್ಲ.

2024ರ ಜುಲೈ ತಿಂಗಳು, ಪುಷ್ಯ ಮಳೆ. ಆಗ ನಾನು ಆರನೇ ತರಗತಿ. ಮಳೆ ಜಾಸ್ತಿ ಅಂತ ಶಾಲೆಗೆ ರಜೆ ಇತ್ತು. ನಮ್ಮದು ಮಣ್ಣಿನ ಗೋಡೆ, ಹಂಚಿನ ಮಾಡು. ಎರಚಲು ಹೊಡೆಯದ ಹಾಗೆ ಸೋಗೆ ತಟ್ಟಿ ಕಟ್ಟಿದ್ದರೂ ಗೋಡೆಯ ಬುಡ ನೆನೆದಿತ್ತು. ರಾತ್ರಿ ಅಡುಗೆಮನೆ ಕಡೆಯ ಗೋಡೆ ಕುಸಿಯಿತು. ದೊಡ್ಡ ಶಬ್ದ ಏನೂ ಬರಲಿಲ್ಲ. ಚೀಲದಿಂದ ಅಕ್ಕಿ ಸುರಿದ ಹಾಗೆ ಕೇಳಿತು, ಆಮೇಲೆ ಹಂಚು ಒಂದೊಂದಾಗಿ ಬಿದ್ದವು. ಅಜ್ಜಿ ಜಗುಲಿಯಲ್ಲಿ ಮಲಗಿದ್ದಳು, ಅದರಿಂದ ಉಳಿದಳು.

ಬೆಳಗ್ಗೆ ಪಂಚಾಯಿತಿಯವರು ಶಾಲೆಯ ಬೀಗ ತೆಗೆಸಿಕೊಟ್ಟರು. ನೀವು ಈಗ ನಿಂತು ಓದುತ್ತಿರುವ ಈ ಗೋಡೆಯ ಆಚೆ ಕೋಣೆಯಲ್ಲೇ ನಾವು ಒಂಬತ್ತು ರಾತ್ರಿ ಮಲಗಿದ್ದು. ತುಂಬಾ ಜನ ಇದ್ದರೆ ಅದಕ್ಕೆ ಕಾಗದದಲ್ಲಿ ‘ಕಾಳಜಿ ಕೇಂದ್ರ’ ಅಂತ ಬರೆಯುತ್ತಾರೆ, ಊರಲ್ಲಿ ‘ಗಂಜಿ ಕೇಂದ್ರ’ ಅನ್ನುತ್ತಾರೆ. ನಾವು ಎರಡೇ ಮನೆಯವರು, ಆದ್ದರಿಂದ ನಮಗೆ ಯಾವ ಹೆಸರೂ ಇರಲಿಲ್ಲ. ಅಕ್ಕಿ ಬೇಳೆ ಮಾತ್ರ ಬಂತು. ಅಜ್ಜಿ ಕರಿಹಲಗೆ ಕಡೆ ಕಾಲು ಚಾಚಿ ಮಲಗಲು ಒಪ್ಪಲೇ ಇಲ್ಲ, ಅದು ಸರಸ್ವತಿ ಅಂತ. ಪ್ರತಿ ಸಂಜೆ ‘ನಾಳೆನೂ ರಜೆ’ ಅಂತ ಸುದ್ದಿ ಬಂದಾಗ ನೀವೆಲ್ಲ ಕುಣಿದಿರಬಹುದು. ನಮಗೂ ಖುಷಿಯಾಗುತ್ತಿತ್ತು. ಶಾಲೆ ಶುರುವಾದರೆ ನಾವು ಎಲ್ಲಿಗೆ ಹೋಗುವುದು ಎಂದು ಅಪ್ಪಯ್ಯನಿಗೆ ಅದೇ ಯೋಚನೆ.

ಅಲ್ಲೇ ಬೆಂಚಿನ ಮೇಲೆ ಕೂತು ಮೊದಲ ಅರ್ಜಿ ಬರೆದೆ. ಕನ್ನಡ ಪಾಠದಲ್ಲಿ ಪತ್ರಲೇಖನ ಇದೆಯಲ್ಲ, ಅದೇ ರೀತಿ. ‘ಇಂದ’ ಎಂಬಲ್ಲಿ ವಿಳಾಸ ಹಾಕಬೇಕು. ಬಿದ್ದ ಮನೆಯದಾ, ಶಾಲೆಯದಾ? ಮೇಷ್ಟ್ರನ್ನು ಕೇಳಿದೆ. ಬಿದ್ದ ಮನೆಯದೇ ಹಾಕು ಎಂದರು. ಜೊತೆಗೆ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಇವುಗಳ ಜೆರಾಕ್ಸ್, ಬಿದ್ದ ಗೋಡೆಯ ಫೋಟೋ. ರೇಷನ್ ಕಾರ್ಡ್ ಒದ್ದೆಯಾಗಿ ಅಂಟಿಕೊಂಡಿತ್ತು. ಅಮ್ಮ ಅದನ್ನು ಒಲೆಯ ಹತ್ತಿರ ಹಿಡಿದು ಹಪ್ಪಳದ ಹಾಗೆ ಒಣಗಿಸಿದಳು.

ಆಮೇಲೆ ಮನೆ ನೋಡಲು ಬಂದರು. ಟೇಪು ಹಿಡಿದರು, ಮೊಬೈಲಲ್ಲಿ ಫೋಟೋ ತೆಗೆದರು, ಬರೆದುಕೊಂಡರು. ಅಮ್ಮ ನನ್ನ ಹತ್ತಿರ ‘ಎಂತ ಬರೆದಿದ್ದಾರೆ ನೋಡೇ’ ಅಂದಳು. ನಾನು ಓದಿದೆ: ‘ಭಾಗಶಃ ಹಾನಿ’. ಭಾಗಶಃ ಅಂದರೆ ಎಂತದು? ಸ್ವಲ್ಪ ಭಾಗ ಅಂತ. ಮೂರು ಗೋಡೆ ನಿಂತಿದೆಯಲ್ಲ, ಅದಕ್ಕೆ.

ಸ್ನೇಹಿತರೇ, ಈ ಒಂದು ಪದದ ಬೆಲೆ ಎಷ್ಟು ಎಂದು ಹೇಳುತ್ತೇನೆ. 2022ರಿಂದ 2026ರವರೆಗೆ ಕೇಂದ್ರ ಸರ್ಕಾರ ಮಾಡಿದ ವಿಪತ್ತು ಪರಿಹಾರದ ಪಟ್ಟಿಯಲ್ಲಿ ಪೂರ್ಣ ಬಿದ್ದ ಮನೆಗೆ 1,20,000 ರೂಪಾಯಿ. ಭಾಗಶಃ ಬಿದ್ದ ಪಕ್ಕಾ ಮನೆಗೆ 6,500. ಭಾಗಶಃ ಬಿದ್ದ ಕಚ್ಚಾ ಮನೆಗೆ 4,000. ಮಣ್ಣಿನ ಗೋಡೆ ಅಂದರೆ ಕಚ್ಚಾ. ನಮಗೆ 4,000 ಬಂತು. ಅದರಲ್ಲಿ ಹಂಚು ಕೊಳ್ಳುವುದಾ, ಕಲ್ಲು ಹಾಕಿಸುವುದಾ? ಆಶ್ಲೇಷ ಮಳೆಗೆ ಇನ್ನೊಂದು ಗೋಡೆಯೂ ಮಲಗಿತು. ಮತ್ತೆ ನೋಡಿ ಎಂದು ಎರಡನೇ ಅರ್ಜಿ ಬರೆದೆ. ಒಂದು ಮನೆಗೆ ಒಂದೇ ಸಲ ಬರೆಯುವುದು ಎಂದು ಬಾಯಲ್ಲಿ ಹೇಳಿದರು. ಕಾಗದದಲ್ಲಿ ಉತ್ತರ ಇವತ್ತಿನವರೆಗೂ ಬಂದಿಲ್ಲ. ಎರಡು ಗೋಡೆ ಇರುವುದಕ್ಕೆ ಮನೆ ಎನ್ನಬಹುದೇ ಎಂದು ಗಣಿತದ ಟೀಚರನ್ನು ಕೇಳಿದರೆ ಅವರು ಸುಮ್ಮನೆ ನನ್ನ ತಲೆ ಸವರಿದರು.

ಹಾಗಾದರೆ ಹೊಸ ಮನೆ ಕೇಳಿ ಎಂದು ಎಲ್ಲರೂ ಹೇಳುತ್ತಾರೆ. ಬಸವ ವಸತಿ ಯೋಜನೆ ಇದೆ, ಗ್ರಾಮಸಭೆಯಲ್ಲಿ ಹೆಸರು ಬರಬೇಕು, ಮನೆ ಹೆಂಗಸರ ಹೆಸರಿಗೆ ಆಗುತ್ತದೆ. ದುಡ್ಡು ಒಟ್ಟಿಗೆ ಬರುವುದಿಲ್ಲ. ತಳಪಾಯ ಆದ ಮೇಲೆ ಒಂದು ಕಂತು, ಲಿಂಟಲ್ ಆದ ಮೇಲೆ ಒಂದು, ಹೀಗೆ. ತಳಪಾಯ ಹಾಕಲು ದುಡ್ಡು ಯಾರು ಕೊಡುತ್ತಾರೆ ಎಂದು ಅಪ್ಪಯ್ಯ ಕೇಳುತ್ತಾರೆ. ಅದು ಹಾಗಿರಲಿ, ಮೊದಲು ಜಾಗಕ್ಕೆ ಹಕ್ಕುಪತ್ರ ಬೇಕು. ನಮಗಿಲ್ಲ. ಅಜ್ಜಿಯ ತವರುಮನೆ ಭದ್ರಾ ಹಿನ್ನೀರಿನಲ್ಲಿ ಮುಳುಗಿದೆ. ಲಕ್ಕವಳ್ಳಿ ಡ್ಯಾಂ ಆದಾಗ ಅವಳು ಸಣ್ಣ ಹುಡುಗಿ. ಗಂಟು ಹೊತ್ತು ಬಂದವರು ಸಿಕ್ಕ ಜಾಗದಲ್ಲಿ ಮನೆ ಕಟ್ಟಿದರು. ‘ಆ ಸಲ ನೀರು ಹೇಳಿ ಬಂತು, ಈ ಸಲ ಹೇಳದೆ ಬಂತು’ ಅನ್ನುತ್ತಾಳೆ.

ಕಂದಾಯ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಭೂಕಂದಾಯ ಕಾಯ್ದೆಯಲ್ಲಿ 94ಸಿ ಎಂದು ಇದೆ. ಅದಕ್ಕೂ ಅರ್ಜಿ ಕೊಟ್ಟಿದ್ದೇವೆ. ಆದರೆ ಕಾಡಿನ ಜಾಗಕ್ಕೆ 94ಸಿ ನಡೆಯುವುದಿಲ್ಲ. ನಮ್ಮದು ಕಂದಾಯವೋ ಕಾಡೋ ಎಂದು ಎರಡೂ ಇಲಾಖೆಯವರು ಸೇರಿ ಅಳೆಯಬೇಕಂತೆ. ‘ಕಾಡಾದರೆ ಇಷ್ಟು ವರ್ಷ ನಮ್ಮತ್ರ ಮನೆ ಕಂದಾಯ ಎಂತಕ್ಕೆ ತಗೊಂಡ್ರು?’ ಎಂದು ಅಮ್ಮ ರಸೀದಿ ಕಟ್ಟು ತೋರಿಸುತ್ತಾಳೆ. ನನಗೆ ಈ ಪ್ರಶ್ನೆ ಬಹಳ ಸರಿ ಎನಿಸುತ್ತದೆ.

ಈಗ ನಾವಿರುವುದು ರಸ್ತೆ ಬದಿಯ ಒಂದು ಕೋಣೆಯಲ್ಲಿ. ಬಾಡಿಗೆ ತಿಂಗಳಿಗೆ 1,500. ಮಳೆಗಾಲದಲ್ಲಿ ಅಪ್ಪಯ್ಯನಿಗೆ ತೋಟದ ಕೆಲಸ ಕಡಿಮೆ, ಅಡಿಕೆ ಸುಲಿಯುವುದು ಶುರುವಾಗುವವರೆಗೆ ಅಮ್ಮನಿಗೂ ಅಷ್ಟೆ. ಅಮ್ಮನಿಗೆ ಬರುವ ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ ಬಾಡಿಗೆ ಕಟ್ಟುತ್ತೇವೆ. ನಮ್ಮ ಲಕ್ಷ್ಮಿ ಬೇರೆಯವರ ಗೃಹಕ್ಕೆ ಹೋಗುತ್ತಾಳೆ ಎಂದು ಅಪ್ಪಯ್ಯ ನಗುತ್ತಾರೆ. ದುಡ್ಡು ಬರುವುದು ತಡವಾದ ತಿಂಗಳು ನಗುವುದಿಲ್ಲ.

ಬಾಡಿಗೆಗೆ ಸರ್ಕಾರ ಸಹಾಯ ಮಾಡುವುದಿಲ್ಲವೇ ಎಂದು ಮೇಷ್ಟ್ರನ್ನು ಕೇಳಿದೆ. ಮಾಡಿದ್ದು ಉಂಟು ಎಂದರು. 2019ರ ದೊಡ್ಡ ಪ್ರವಾಹದಲ್ಲಿ ಮನೆ ಕಳೆದುಕೊಂಡವರಿಗೆ ತಿಂಗಳಿಗೆ 5,000 ರೂಪಾಯಿಯಂತೆ 10 ತಿಂಗಳ ಬಾಡಿಗೆ, ಮನೆ ಪೂರ್ತಿ ಹೋದವರಿಗೆ 5 ಲಕ್ಷ ಎಂದು ಆಗ ಆದೇಶವಾಗಿತ್ತು. ಅದು ಆ ಪ್ರವಾಹಕ್ಕೆ ಮಾಡಿದ ಆದೇಶ. ಅಂದರೆ ಸಾವಿರಾರು ಮನೆ ಒಟ್ಟಿಗೆ ಬಿದ್ದರೆ ಬಾಡಿಗೆ ಸಿಗುತ್ತದೆ, ಒಂದೆರಡು ಮನೆ ಬಿದ್ದರೆ ಇಲ್ಲ. ಆದರೆ ಒಳಗೆ ಮಲಗಿದ್ದವರಿಗೆ ಎರಡೂ ಒಂದೇ ತರ ಬೀಳುತ್ತದೆ. ಇದನ್ನೂ ಒಂದು ಅರ್ಜಿ ಮಾಡಿ ಬರೆದಿದ್ದೇನೆ, ಮುಂದಿನ ಗ್ರಾಮಸಭೆಗೆ. ಅಮ್ಮ ಎದ್ದು ನಿಂತು ಕೊಡುತ್ತಾಳಂತೆ. ಮೈಕು ಕೊಟ್ಟರೆ ಮಾತೂ ಆಡುತ್ತಾಳಂತೆ. ನೋಡೋಣ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಅರ್ಜಿ ಬರೆಯುವುದಿದ್ದರೆ ಊಟದ ಬಿಡುವಿನಲ್ಲಿ ನನ್ನ ಹತ್ತಿರ ಬನ್ನಿ. ಬಿಳಿ ಹಾಳೆ ಎರಡು ತನ್ನಿ. ಒಂದು ಅವರಿಗೆ, ಇನ್ನೊಂದು ನಕಲು. ನಕಲಿನ ಮೇಲೆ ತಾರೀಕು ಹಾಕಿಸಿ ಸೀಲು ಒತ್ತಿಸಿಕೊಂಡೇ ಬರಬೇಕು, ನಾಳೆ ಬಾ ಅಂದರೂ ಅಲ್ಲೇ ನಿಂತಿರಬೇಕು.

– ಏಳನೇ ತರಗತಿ ವಿದ್ಯಾರ್ಥಿನಿ