ತಗ್ಗು ಮುಚ್ಚಿ ಮಾರುವುದೇ?

ಕಳೆದ ದೀಪಾವಳಿಯ ನಂತರ ನಮ್ಮ ಹಳೆಯ ವ್ಯಾಗನ್ ಆರ್ ಕಾರನ್ನು ಮಾರಲು ನಿಶ್ಚಯಿಸಿದೆವು. 2012ರಲ್ಲಿ ಕೊಂಡದ್ದು. ಹೊಸೂರಿನ ಬಟ್ಟೆ ಅಂಗಡಿಯಿಂದ ಶೂಲಗಿರಿ, ಕೃಷ್ಣಗಿರಿಗೆ ವಸೂಲಿಗೆ ಹೋಗಿಬರಲು ಅದೇ ನಮಗೆ ಆಸರೆ. ಎಂಜಿನ್ ಗಟ್ಟಿ. ಆದರೆ ಎಡಗಡೆಯ ಹಿಂಬಾಗಿಲು ಕಂಬಕ್ಕೆ ಉಜ್ಜಿ ತಗ್ಗಾಗಿತ್ತು.

ವಿಮೆಯಲ್ಲಿ ರಿಪೇರಿ ಮಾಡಿಸೋಣವೆಂದ ಮಗ. ಲೆಕ್ಕ ಹಾಕಿದೆವು. ಐದು ವರ್ಷ ಕ್ಲೇಮು ಮಾಡದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ನೂರಕ್ಕೆ 50 ರಿಯಾಯಿತಿ ಉಂಟು. ಅದು ವಾಹನದ್ದಲ್ಲ, ಮಾಲೀಕನದು. ಹೊಸ ಕಾರಿಗೂ ಒಯ್ಯಬಹುದು. ಒಂದು ತಗ್ಗಿಗಾಗಿ ಅದನ್ನು ಕಳೆದುಕೊಳ್ಳುವುದು ವ್ಯಾಪಾರವಲ್ಲ.

ಟಿಂಕರಿಂಗ್ ಕೆಲಸದವನು 9,000 ರೂಪಾಯಿ ಕೇಳಿದ. ಬಾಗಿಲಿನ ಅಡಿಯಲ್ಲಿ ತುಕ್ಕು ಹಿಡಿದದ್ದನ್ನೂ ತೋರಿಸಿದ. "ಪುಟ್ಟಿ ಹಾಕಿ ಬಣ್ಣ ಹೊಡೆದರೆ ಯಾರಿಗೂ ಗೊತ್ತಾಗಲ್ಲ ಸಾಮಿ, ಇಪ್ಪತ್ತು ಸಾವಿರ ಹೆಚ್ಚಿಗೇ ಬರುತ್ತೆ" ಎಂದ. ಮಗನಿಗೆ ಒಪ್ಪಿಗೆಯಾಯಿತು. ಸುಳ್ಳು ಹೇಳುವುದೇಕೆ, ನಮಗೂ ಆಸೆಯಾಯಿತು.

ಆ ರಾತ್ರಿ ನಿದ್ರೆ ಬರಲಿಲ್ಲ. ನಮ್ಮ ತೀರ್ಥರೂಪರು ಥಾನಿನಲ್ಲಿ ನೇಯ್ಗೆಯ ಕುಂದು ಕಂಡರೆ ಅಂಚಿಗೆ ಕೆಂಪು ದಾರ ಕಟ್ಟಿ ಇಡುತ್ತಿದ್ದರು. ಗಿರಾಕಿಗೆ ತೋರಿಸಿಯೇ ಅಳೆಯುತ್ತಿದ್ದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯ ವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಕೀಳು ಸರಕನ್ನು ಒಳ್ಳೆಯದರಂತೆ ತೋರಿಸಿ ಮಾರುವುದೆಂದು ಅರ್ಥ. ರಿಪೇರಿ ಮಾಡಿಸುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು.

ಬೆಳಿಗ್ಗೆ ಕಾರನ್ನು ಚೆನ್ನಾಗಿ ತೊಳೆಸಿ, ಸೀಟು ಶುಚಿ ಮಾಡಿಸಿ, ಕೆಟ್ಟಿದ್ದ ಹಿಂದಿನ ದೀಪದ ಬಲ್ಬ್ ಹಾಕಿಸಿದೆವು. ತಗ್ಗನ್ನು ಹಾಗೆಯೇ ಬಿಟ್ಟೆವು.

ಬಾಗಲೂರಿನ ಕಡೆಯ ಶಾಲಾ ಮೇಷ್ಟ್ರೊಬ್ಬರು ನೋಡಲು ಬಂದರು. ಅವರನ್ನು ಬಗ್ಗಿಸಿ ತುಕ್ಕು ತೋರಿಸಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಜಮಾನರೇ, ಹನ್ನೆರಡು ಸಾವಿರ ಇಳಿಸಿಕೊಳ್ಳಿ" ಎಂದರು. ಮಗನ ಮುಖ ಸಪ್ಪಗಾಯಿತು. ನಾವು ಒಪ್ಪಿ, ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಕೊಟ್ಟೆವು. ಕೊಳ್ಳುವವರು ಗಡಿಯಾಚೆ ಆನೇಕಲ್ಲಿನವರಾಗಿದ್ದರೆ ನಿರಾಕ್ಷೇಪಣಾ ಪತ್ರವೂ ಬೇಕಾಗುತ್ತಿತ್ತು, ಓದುಗರು ನೆನಪಿಡಬೇಕು.

ಹನ್ನೆರಡು ಸಾವಿರ ಸಣ್ಣ ಮೊತ್ತವೇನಲ್ಲ. ಮಗ ಒಂದು ವಾರ ಸರಿಯಾಗಿ ಮಾತಾಡಲಿಲ್ಲ. ಆದರೆ ಮೊನ್ನೆ ಅಂಗಡಿಯಲ್ಲಿ ಒಬ್ಬ ತಾಯಿಗೆ ಸೀರೆ ಬಿಚ್ಚಿ ತೋರಿಸುತ್ತಾ, "ಅಮ್ಮಾ, ಸೆರಗಿನಲ್ಲಿ ಒಂದು ಎಳೆ ಹೋಗಿದೆ, ನೋಡಿಕೊಳ್ಳಿ" ಎಂದು ತಾನಾಗಿ ಹೇಳಿದ. ಗಲ್ಲೆಯ ಮೇಲೆ ಕುಳಿತಿದ್ದ ನಾವು ಕೇಳಿಸದವರಂತೆ ಲೆಕ್ಕದ ಪುಸ್ತಕ ತಿರುವಿದೆವು.