ಬಿ.ಎಸ್ಸಿ.ಗೆ ನಾಲ್ಕು ಅಂಕ

ಒಲೆಗೆ ಇನ್ನೆರಡು ಮಟ್ಟೆ ನೂಕಿ ಹತ್ತಿರ ಬಾರವ್ವ, ಹೇಳ್ತೀನಿ. ನಿಮ್ಮ ಚಿಕ್ಕಪ್ಪ ಕೆನಡಾಕ್ಕೆ ಅರ್ಜಿ ಹಾಕಿದ್ದು 2005ರಲ್ಲಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ರು, ವಯಸ್ಸು 34. ನಾನು ಕೂಸು ಎತ್ಕೊಂಡು ಅಷ್ಟು ದಿನ ಬೆಂಗಳೂರು, ಇಷ್ಟು ದಿನ ಇಲ್ಲಿ ನೊಣವಿನಕೆರೆ ತೋಟ ಅಂತ ಓಡಾಡ್ತಿದ್ದೆ. ತೆಂಗಿಗೆ ನುಸಿ ಬಿದ್ದಿದ್ದ ಕಾಲ ಅದು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡಿದ್ದು ನೋಡ್ತಾ ನೋಡ್ತಾ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಲ್ಲ ಹಬ್ಬಿತ್ತು. ಕಾಯಿ ಮೇಲೆ ಕಂದು ಕಲೆ ಕಟ್ಟಿ ಬಿರುಕು ಬಿಡೋದು, ಕಾಯಿ ಸಣ್ಣಗಾಗೋದು, ಮಟ್ಟೆ ಸುಲಿಯೋಕೂ ಬಾರದ ಹಾಗೆ ಗಟ್ಟಿಯಾಗೋದು. ಮಾವನೋರು ಒಂದಿನ ಜಗಲಿ ಮೇಲೆ ಕೂತು ಅಂದ್ರು: "ಈ ತೋಟ ನಂಬ್ಕೊಂಡು ಇಬ್ಬರು ಗಂಡುಮಕ್ಕಳು ಬಾಳೋಕಾಗಲ್ಲ ಕಣಪ್ಪ. ನೀನು ಓದಿದೀಯ, ನಿನ್ನ ದಾರಿ ನೀನು ನೋಡ್ಕೊ." ಅವತ್ತು ರಾತ್ರಿ ಇವರಿಗೆ ನಿದ್ದೆ ಬರಲಿಲ್ಲ.

ಕೆನಡಾದವರ ಆಗಿನ ಲೆಕ್ಕ ನಂಗೆ ಈಗಲೂ ಬಾಯಿಗೆ ಬರುತ್ತೆ. 100ಕ್ಕೆ 67 ಬರಬೇಕಿತ್ತು. ಮೊದಲು 75 ಇತ್ತು, 2003ರ ಸೆಪ್ಟೆಂಬರ್‌ನಲ್ಲಿ ಇಳಿಸಿದ್ರು. ಓದಿಗೆ 25, ಭಾಷೆಗೆ 24, ಅನುಭವಕ್ಕೆ 21, ವಯಸ್ಸಿಗೆ 10, ಅಲ್ಲಿ ಕೆಲಸ ಮೊದಲೇ ಗೊತ್ತಾಗಿದ್ರೆ 10, ಆ ದೇಶಕ್ಕೆ ಹೊಂದಿಕೊಳ್ಳೋದಕ್ಕೆ ಇನ್ನೊಂದು 10. ಕೆಲಸ ಗೊತ್ತಾಗಿರಲಿಲ್ಲ. ಭಾಷೆಯ ಅಂಕದಲ್ಲಿ 8 ಎರಡನೇ ಭಾಷೆಗೆ, ಅಂದ್ರೆ ಫ್ರೆಂಚಿಗೆ, ಅದೂ ಇಲ್ಲ. ಉಳಿದಿದ್ದು ಬಿ.ಇ.ಗೆ 20, ನಾಲ್ಕು ವರ್ಷ ದಾಟಿದ ಅನುಭವಕ್ಕೆ 21, ವಯಸ್ಸಿಗೆ ಪೂರ್ತಿ 10. ಇಂಗ್ಲಿಷಿನಲ್ಲಿ ಓದು, ಬರಹ, ಮಾತು, ಕೇಳೋದು ನಾಲ್ಕರಲ್ಲೂ ಮೇಲ್ದರ್ಜೆ ಬಂದ್ರೆ 16. ಕೂಡಿದ್ರೆ ಸರಿಯಾಗಿ 67.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ಮನುಷ್ಯ. ಐಇಎಲ್‌ಟಿಎಸ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಅಂತ ಫ್ಯಾಕ್ಟರಿಯಿಂದ ಬಂದು ರಾತ್ರಿ ಹನ್ನೊಂದರವರೆಗೆ ಟೇಪ್ ಹಾಕಿಕೊಂಡು ಕೂರೋರು. ಮೂರರಲ್ಲಿ ಮೇಲ್ದರ್ಜೆಯ 7 ಬಂತು. ಬರಹದಲ್ಲಿ 6. ಅಲ್ಲಿಗೆ ಎರಡು ಅಂಕ ಹೋಯ್ತು, ಉಳಿದಿದ್ದು 65.

ಫಲಿತಾಂಶದ ಹಾಳೆ ಹಿಡ್ಕೊಂಡು ಊರಿಗೆ ಬಂದವರು ಅವತ್ತು ಊಟ ಮಾಡಲಿಲ್ಲ. ಅರ್ಜಿಯ ಪುಸ್ತಕ ತಿರುವಿ ತಿರುವಿ ನೋಡ್ತಿದ್ದವರು ಒಂದು ಕಡೆ ನಿಂತುಬಿಟ್ರು. ಹೊಂದಿಕೊಳ್ಳೋ ಅಂಕದ ಕೆಳಗೆ ಹೆಂಡತಿಯ ಓದಿಗೂ ಜಾಗ ಇತ್ತು. ಪದವಿಯಾಗಿದ್ರೆ 4.

"ನಿನ್ನ ಮಾರ್ಕ್ಸ್ ಕಾರ್ಡ್ ಎಲ್ಲೈತೆ?" ಅಂದ್ರು.

ಮದುವೆಯಾದ ಮೇಲೆ ಆ ಮಾತನ್ನ ಯಾರೂ ಕೇಳಿರಲಿಲ್ಲ ಕಣೆ. ತಿಪಟೂರಿನ ಕಲ್ಪತರು ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದೋಳು ನಾನು. ಹಂದನಕೆರೆ ಕಡೆಯಿಂದ ಬೆಳಗ್ಗೆ ಮೊದಲನೇ ಬಸ್ಸು ಹಿಡಿದು, ಲ್ಯಾಬ್ ಇದ್ದ ದಿನ ಕತ್ತಲಾದ ಮೇಲೆ ಮನೆ ಸೇರ್ತಿದ್ದೆ. ಅಷ್ಟು ಕಷ್ಟಪಟ್ಟು ತಗೊಂಡ ಪದವಿ ಟ್ರಂಕಿನ ತಳದಲ್ಲಿ ಮದುವೆ ಸೀರೆ ಕೆಳಗಿತ್ತು. ತೆಗೆದುಕೊಟ್ಟೆ. ಇವರು ಪೆನ್ನಲ್ಲಿ 65ರ ಪಕ್ಕ 4 ಬರೆದು, ಕೂಡಿ, 69 ಅಂತ ಅಡಿಗೆರೆ ಎಳೆದ್ರು. ನಂಗೆ ಕಣ್ಣಲ್ಲಿ ನೀರು ಬಂತು. ಎಲ್ಲಿಯೋ ಇರೋ ಒಂದು ದೇಶ ನನ್ನ ಓದಿಗೆ ಬೆಲೆ ಕಟ್ಟಿತ್ತು, ಆ ಬೆಲೆಯಿಂದಲೇ ಮನೆಯವರ ಲೆಕ್ಕ ಗೆರೆ ದಾಟಿತ್ತು.

ಆಮೇಲೆ ಕಾಗದಗಳು. ನಮ್ಮ ಮದುವೆ ದೇವಸ್ಥಾನದಲ್ಲಿ ಆಗಿದ್ದು, ರಿಜಿಸ್ಟರ್ ಯಾರು ಮಾಡಿಸಿದ್ರು ಆಗ? ಮದುವೆ ಕರೆಯೋಲೆ, ಫೋಟೊ, ಸಾಕ್ಷಿಗಳನ್ನ ಕರ್ಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದ್ವಿ. ನನ್ನ ಪದವಿ ಪತ್ರದಲ್ಲಿ ಅಪ್ಪನ ಹೆಸರಿನ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು. ಇಬ್ಬರೂ ಒಬ್ಬಳೇ ಅಂತ ನೋಟರಿ ಮುಂದೆ ಅಫಿಡವಿಟ್. ಕನ್ನಡದಲ್ಲಿದ್ದ ಒಂದೊಂದು ಕಾಗದಕ್ಕೂ ಇಂಗ್ಲಿಷ್ ಅನುವಾದ. ಫ್ಯಾಕ್ಟರಿಯಿಂದ ಬರೀ ಸರ್ವಿಸ್ ಸರ್ಟಿಫಿಕೇಟ್ ಸಾಲದು, ಏನೇನು ಕೆಲಸ ಮಾಡ್ತಾರೆ ಅಂತ ವಿವರವಾಗಿ ಬರೆದ ಪತ್ರ ಬೇಕು.

ಎಲ್ಲಕ್ಕಿಂತ ಹೆಚ್ಚು ನೋವಾಗಿದ್ದು ದುಡ್ಡಿನ ವಿಷಯದಲ್ಲಿ. ಅಲ್ಲಿಗೆ ಹೋಗಿ ನೆಲೆಯಾಗೋವರೆಗೆ ಬಾಳೋಕೆ ಕೈಯಲ್ಲಿ ಹಣ ಇದೆ ಅಂತ ತೋರಿಸಬೇಕು. ನಿಮ್ಮ ತಾತ ಪಹಣಿ ತಂದು ಮುಂದಿಟ್ರು. "ಆರು ಎಕರೆ ತೆಂಗು ಐತೆ, ಇದನ್ನ ಕಳ್ಸು" ಅಂದ್ರು. ಪಹಣಿ ನಡೆಯಲ್ಲ ಅಪ್ಪಾಜಿ, ಬ್ಯಾಂಕಿನಲ್ಲಿರೋ ರೊಕ್ಕ ಬೇಕು, ಸಾಲದ ಹಣವೂ ಆಗಬಾರದು ಅಂತ ಇವರು ಹೇಳಿದ್ರೆ, ಅವರಿಗೆ ಅರ್ಥವೇ ಆಗಲಿಲ್ಲ. ಮೂರು ತಲೆಮಾರು ನೀರು ಹೊತ್ತು ಬೆಳೆಸಿದ ತೋಟ ಆಸ್ತಿಯಲ್ಲ ಅಂದ್ರೆ ಹೇಗೆ? ಅವತ್ತು ಏನೂ ಮಾತಾಡಲಿಲ್ಲ. ಮಾರನೇ ದಿನ ಅಟ್ಟದ ಏಣಿ ಹತ್ತಿದ್ರು.

ಅಟ್ಟ ಅಂದ್ರೆ ನಮಗೆ ಏನು ಅಂತ ನಿಂಗೆ ಗೊತ್ತು. ಕಾಯಿ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ರೆ ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತೆ, ಅಲ್ಲಾಡಿಸಿದ್ರೆ ಗಡಗಡ ಅನ್ನುತ್ತೆ. ಮಗಳ ಮದುವೆ, ಆಸ್ಪತ್ರೆ, ಬೋರ್‌ವೆಲ್ ಎಲ್ಲಕ್ಕೂ ಅದೇ ಆಧಾರ. ರೇಟು ಏರೋವರೆಗೆ ಕಾಯಬೇಕು ಅಂತ ಮಾವನೋರು ಯಾವತ್ತೂ ಹಟ ಹಿಡೀತಿದ್ರು. ಆ ಸಲ ಕಾಯಲಿಲ್ಲ. ಆಳು ಕರೆಸಿ ಸುಲಿಸಿ, ಚಿಪ್ಪು ಒಡೆಸಿ, ಚೀಲ ತುಂಬಿಸಿ ತಿಪಟೂರು ಎಪಿಎಂಸಿಗೆ ಕಳಿಸಿದ್ರು. ಸಿಕ್ಕ ರೇಟಿಗೆ ಕೊಟ್ಟು ಹಣ ಇವರ ಖಾತೆಗೆ ಹಾಕಿಸಿದ್ರು.

ಫೈಲು ದೆಹಲಿಗೆ ಹೋಯ್ತು. ಶುಲ್ಕ ನಮ್ಮಿಬ್ಬರಿಗೆ ತಲಾ 550 ಡಾಲರ್, ಮಗನಿಗೆ 150. ಫೈಲ್ ನಂಬರ್ ಬಂತು. ಆಮೇಲೆ ಏನೂ ಬರಲಿಲ್ಲ. ತಿಪಟೂರಿಗೆ ಹೋದಾಗೆಲ್ಲ ಇಂಟರ್ನೆಟ್ ಸೆಂಟರಿಗೆ ಹೊಕ್ಕು ನಂಬರ್ ಹೊಡೆದು ನೋಡೋದು, ಪರಿಶೀಲನೆಯಲ್ಲಿದೆ ಅಂತ ಅದೇ ಸಾಲು.

ಇವರ ಜೊತೆ ಬೆಂಗಳೂರಲ್ಲಿ ಓದಿದ ಒಬ್ಬ ಇರಾನಿ ಹುಡುಗ ಇದ್ದ, ಇಸ್ಫಹಾನಿನವನು. ಕಾಲೇಜಿನ ದಿನಗಳಲ್ಲಿ ಒಂದು ಸಲ ನಮ್ಮೂರ ಜಾತ್ರೆಗೂ ಬಂದು ಕೊಬ್ಬರಿ ಮಿಠಾಯಿ ಗಂಟು ಕಟ್ಟಿಸ್ಕೊಂಡು ಹೋಗಿದ್ದ. ಅವನೂ ಅದೇ ಸರತಿಯಲ್ಲಿ ನಿಂತಿದ್ದ, ಆದ್ರೆ ಅವನ ಪಾಡು ನಮ್ಮದಕ್ಕಿಂತ ದೊಡ್ಡದು. ಅಲ್ಲಿ ಗಂಡಸರು ಕಡ್ಡಾಯ ಸೈನ್ಯದ ಸೇವೆ ಮುಗಿಸದೆ ಪಾಸ್‌ಪೋರ್ಟ್ ಸಿಗೋದು ಕಷ್ಟ. ಪರ್ಷಿಯನ್ ಕಾಗದವೆಲ್ಲ ಸರ್ಕಾರಿ ಮಾನ್ಯತೆಯ ಅನುವಾದಕರಿಂದಲೇ ಆಗಬೇಕು. ಫೈಲು ಹೋಗಿದ್ದು ಅವನ ದೇಶದ ಕಚೇರಿಗೂ ಅಲ್ಲ, ಸಿರಿಯಾದ ಡಮಾಸ್ಕಸ್‌ಗೆ. ಇಬ್ಬರೂ ಮೇಲ್ ಬರ್ಕೋತಿದ್ರು: ನಿಂದೇನಾಯ್ತು, ನಿಂದೇನಾಯ್ತು ಅಂತ.

ಕಾಯೋದು ಅಂದ್ರೆ ಸುಮ್ಮನೆ ಕೂರೋದಲ್ಲ ಕಣವ್ವ. ತಿಪಟೂರಲ್ಲಿ ಒಂದು ಸೈಟು ಬಂದಿತ್ತು, ಹೋಗ್ತೀವಲ್ಲ ಅಂತ ಬಿಟ್ವಿ. ನಂಗೆ ಬಿ.ಎಡ್. ಸೀಟು ಸಿಕ್ಕಿತ್ತು, ಮಧ್ಯದಲ್ಲಿ ವೀಸಾ ಬಂದ್ರೆ ಅಂತ ಸೇರಲಿಲ್ಲ. ಇವರಿಗೆ ಹೊಸೂರಲ್ಲಿ ಒಳ್ಳೆ ಕೆಲಸ ಕರೆದ್ರೂ ಫೈಲಲ್ಲಿರೋ ಕಂಪನಿ ಹೆಸರು ಬದಲಾಗುತ್ತೆ ಅಂತ ಅಲ್ಲೇ ಉಳಿದ್ರು. ನಮ್ಮ ಹಿಂದೆ ಬಂದವರು ಮುಂದೆ ಹೋದ್ರು: 2008ರ ಫೆಬ್ರವರಿ 27ರಿಂದ ಈಚೆಗೆ ಅರ್ಜಿ ಹಾಕಿದವರಿಗೆ ಬೇರೆ ನಿಯಮ, ಕೆನಡಾಕ್ಕೆ ಬೇಕಾದ 38 ಉದ್ಯೋಗಗಳ ಪಟ್ಟಿಯಲ್ಲಿದ್ರೆ ಬೇಗ ತೀರ್ಮಾನ. ಹಳಬರ ರಾಶಿ ಹಾಗೇ ಬಿದ್ದಿತ್ತು.

2012ರ ಮಾರ್ಚ್ 29ಕ್ಕೆ ಅಲ್ಲಿನ ಬಜೆಟ್. ಆ ದಿನಾಂಕದೊಳಗೆ ತೀರ್ಮಾನವಾಗದ, 2008ರ ಫೆಬ್ರವರಿ 27ಕ್ಕಿಂತ ಹಿಂದಿನ ಅರ್ಜಿಗಳನ್ನೆಲ್ಲ ಕೊನೆಗೊಳಿಸ್ತೀವಿ ಅಂದ್ರು. ಜೂನ್ 29ಕ್ಕೆ ಕಾನೂನೇ ಆಯ್ತು. ಸಂಸಾರದವರನ್ನೂ ಸೇರಿಸಿ ಸುಮಾರು 2 ಲಕ್ಷ 80 ಸಾವಿರ ಜನ. ಹಳೇ ರಾಶಿ ತೆಗೆದ್ರೆ ತಾನೇ ಹೊಸ ಪದ್ಧತಿ ಚುರುಕಾಗೋದು ಅನ್ನೋದು ಅವರ ವಾದ. ಶುಲ್ಕ ವಾಪಸ್, ಬಡ್ಡಿ ಇಲ್ಲ, ಪರಿಹಾರ ಕೇಳೋ ಹಾಗಿಲ್ಲ ಅಂತ ಕಾನೂನಿನಲ್ಲೇ ಬರೆದಿದ್ರು. ಕೆಲವರು ಅಲ್ಲಿನ ಫೆಡರಲ್ ಕೋರ್ಟಿಗೆ ಹೋದ್ರು. 2013ರ ಏಪ್ರಿಲ್‌ನಲ್ಲಿ ತೀರ್ಪು ಸರ್ಕಾರದ ಕಡೆಗೇ ಆಯ್ತು.

ಇವರು 69 ಅಂಕ ತಗೊಂಡು ಫೇಲಾದವರಲ್ಲ, ಪಾಸಾದವರೂ ಅಲ್ಲ. ಫೈಲು ಬಿಚ್ಚಿ ಒಂದು ಮಾತು ಬೇಡ ಅಂದಿದ್ರೂ ನಾನು ಒಪ್ಪಿಕೊಳ್ತಿದ್ದೆ. ದುಡ್ಡು ಎಣಿಸಿ ಕೊಟ್ರು, ಏಳು ವರ್ಷ ಯಾರ ಲೆಕ್ಕಕ್ಕೂ ಬರಲಿಲ್ಲ. ಅದು ಅನ್ಯಾಯ ಅಂತ ಅವತ್ತೂ ಅಂದೆ, ಇವತ್ತೂ ಅಂತೀನಿ. ಮತ್ತೆ ಹಾಕೋಣ ಅಂದ್ರೆ 2013ರ ಮೇ ತಿಂಗಳಿಂದ ಹೊಸ ಲೆಕ್ಕ: 35 ದಾಟಿದ್ರೆ ವಯಸ್ಸಿನ ಅಂಕ ವರ್ಷಕ್ಕೊಂದು ಕಮ್ಮಿ. ಇವರಿಗೆ ಆಗಲೇ 42.

ಇಸ್ಫಹಾನಿನ ಗೆಳೆಯನ ಮೇಲ್ ಆಮೇಲೂ ಬಂತು. ಸಿರಿಯಾದಲ್ಲಿ ಗಲಭೆ ಹೊತ್ತಿ ಡಮಾಸ್ಕಸ್‌ನ ವೀಸಾ ಕಚೇರಿ ಮುಚ್ಚಿತ್ತು. 2012ರ ಸೆಪ್ಟೆಂಬರ್ 7ಕ್ಕೆ ಟೆಹ್ರಾನ್‌ನ ಕೆನಡಾ ರಾಯಭಾರ ಕಚೇರಿಯೂ ಮುಚ್ಚಿತು. ಅದೇ ವರ್ಷದ ಮಾರ್ಚ್‌ನಲ್ಲಿ ಇರಾನಿನ ಬ್ಯಾಂಕುಗಳನ್ನ ದೇಶದೇಶಗಳ ಬ್ಯಾಂಕುಗಳನ್ನ ಜೋಡಿಸೋ ಸ್ವಿಫ್ಟ್ ಜಾಲದಿಂದ ಹೊರಗೆ ಹಾಕಿದ್ದರಿಂದ, ವಾಪಸ್ ಬರೋ ಶುಲ್ಕವನ್ನ ಯಾವ ಬ್ಯಾಂಕಿಗೆ ಹಾಕಿಸ್ಕೊಳ್ಳಲಿ ಅಂತ ಕೇಳಿದ್ದ. ಇವರಿಗೆ ಉತ್ತರ ಬರೆಯೋಕೆ ಎರಡು ದಿನ ಹಿಡೀತು.

ನಮ್ಮ ಹಣ ಬಂತು. ನನ್ನ ಹೆಸರಿನ 550 ಡಾಲರ್ ನಂದು ಅಂತ ನಾನು ಗಟ್ಟಿಯಾಗಿ ಕೇಳಿದೆ. ಅವತ್ತಿಗೆ ಸುಮಾರು 30 ಸಾವಿರ. ಅದರಲ್ಲೇ ಬಿ.ಎಡ್. ಸೇರಿದೆ.

ಈಗ ನಿನ್ನ ವಿಷಯಕ್ಕೆ ಬರ್ತೀನಿ. 2015ರ ಜನವರಿಯಿಂದ ಕೆನಡಾದಲ್ಲಿ ಎಕ್ಸ್‌ಪ್ರೆಸ್ ಎಂಟ್ರಿ ಅನ್ನೋ ಪದ್ಧತಿ. ಪ್ರೊಫೈಲು ಒಂದೇ ವರ್ಷ ಇರುತ್ತೆ, ನಮ್ಮ ಹಾಗೆ ಏಳು ವರ್ಷ ತೂಗಾಡಿಸಲ್ಲ. ಆದ್ರೆ 29 ದಾಟಿದ ಮೇಲೆ ವಯಸ್ಸಿನ ಅಂಕ ಇಳಿಯುತ್ತೆ, ನಿಂಗೆ ಈಗ 28. ನೀನು ಎಂ.ಟೆಕ್., ಅಳಿಯಂದಿರು ಬಿ.ಇ. ಆದ್ರೂ ಅರ್ಜಿ ಅವರ ಹೆಸರಲ್ಲೇ ತುಂಬ್ತಾ ಇದೀರ. ಇಬ್ಬರ ಲೆಕ್ಕವನ್ನೂ ಬೇರೆ ಬೇರೆ ಹಾಕಿ ನೋಡಿ. ನಿಂದು ಹೆಚ್ಚು ಬಂದ್ರೆ ಮುಖ್ಯ ಅರ್ಜಿದಾರಳು ನೀನಾಗು, ಅವರನ್ನ ಜೊತೆಗೆ ಸೇರಿಸು. ಮಾರ್ಕ್ಸ್ ಕಾರ್ಡ್ ತಂದಿದೀಯ? ತಾ, ಇಲ್ಲೇ ಕೂಡೋಣ.